ಹಳಗಾರಿನ ವಿಮೆ: ಮೌಲ್ಯಕ್ಷಯ ಮೀಮಾಂಸೆಗೊಂದು ಪ್ರವೇಶಿಕೆ

ಶಿವಾಜಿನಗರದ ಗುಜರಿ ಬೀದಿಗಳಿಂದ ಹೊರಟು ಹಲಸೂರು, ಇಂದಿರಾನಗರಗಳನ್ನು ಹಾಯ್ದು ಕೆ.ಆರ್. ಪುರದವರೆಗೆ ಹಬ್ಬಿರುವ ಬೆಂಗಳೂರಿನ ಪೂರ್ವಸೀಮೆಯಲ್ಲಿ ಇನ್ನೂ ಉಸಿರಾಡುತ್ತಿರುವ ಪುರಾತನ ಮೋಟಾರುಗಳನ್ನು, ಕನ್ನಡ ಸಾಹಿತ್ಯ ಚರಿತ್ರೆಕಾರರ ಮಾರ್ಗವನ್ನೇ ಹಿಡಿದು, ಪೂರ್ವದ ಹಳಗಾರು, ಹಳಗಾರು, ನಡುಗಾರು, ಹೊಸಗಾರು ಎಂದು ನಾಲ್ಕಾಗಿ ವಿಂಗಡಿಸಬಹುದು. 1940ರ ಡಿಸೆಂಬರ್ 31ಕ್ಕೆ ಮುನ್ನ ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಪಡೆದದ್ದು ಪೂರ್ವದ ಹಳಗಾರು. ಇದು 2002ರ ಭಾರತೀಯ ಮೋಟಾರ್ ಟ್ಯಾರಿಫ್ ಎಂಬ ಲಕ್ಷಣಗ್ರಂಥದ ಮತ. ಐವತ್ತು ವರ್ಷ ದಾಟಿ ಮೂಲರೂಪ ಕೆಡದೆ ಉಳಿದದ್ದೆಲ್ಲ ವಿಂಟೇಜೇ ಎಂಬುದು 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮಗಳ ನವ್ಯಮತ. ಈ ಎರಡು ಮತಗಳ ನಡುವೆ ಸಿಕ್ಕಿದ ಹಳಗಾರು, ಉದಾಹರಣೆಗೆ 1964ರ ಫಿಯೆಟ್ 1100ಡಿ, ಆರ್‌ಟಿಒ ಲೆಕ್ಕದಲ್ಲಿ ಪೂಜ್ಯವೂ ವಿಮೆಯ ಲೆಕ್ಕದಲ್ಲಿ ಬರಿಯ ಹಳೇ ಗಾಡಿಯೂ ಆಗಿ ಏಕಕಾಲಕ್ಕೆ ದ್ವೈತವನ್ನು ಸಾಧಿಸುತ್ತದೆ.

ವಿಮಾಶಾಸ್ತ್ರದ ಕೇಂದ್ರ ಪರಿಕಲ್ಪನೆ ಐಡಿವಿ, ಅಂದರೆ ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಕಂಪನಿ ಕೊಡಲೊಪ್ಪುವ ಪರಮಾವಧಿ ಮೊತ್ತ. ಷೋರೂಮಿನಿಂದ ಇಳಿದ ಆರು ತಿಂಗಳೊಳಗೇ ಇದರಲ್ಲಿ ಶೇ 5 ಸವೆಯುತ್ತದೆ, ಐದನೆಯ ವರ್ಷದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಅದರಾಚೆಗೆ ಲೆಕ್ಕವೇ ಕೈಚೆಲ್ಲಿ, ಮೊತ್ತವನ್ನು ಮಾಲೀಕನೂ ಕಂಪನಿಯೂ 'ಪರಸ್ಪರ ತಿಳಿವಳಿಕೆ'ಯಿಂದ ನಿಶ್ಚಯಿಸತಕ್ಕದ್ದು ಎನ್ನುತ್ತದೆ. ಪರಸ್ಪರ ತಿಳಿವಳಿಕೆ ಎಂದರೆ, ಕೌಂಟರಿನ ಈಚೆಯವರು ಹೇಳಿದ ಬೆಲೆಯನ್ನು ಆಚೆಯ ಕಂಪ್ಯೂಟರ್ ಒಪ್ಪದಿರುವುದು. ಆ ಕಂಪ್ಯೂಟರಿನ ಪಟ್ಟಿಯಲ್ಲಿ ಫಿಯೆಟ್ 1100 ಎಂಬ ಹೆಸರೇ ಸಿಗದಾಗ ಏಜೆಂಟರ ಬಾಯಿಂದ ಹೊರಡುವ ಮಹಾವಾಕ್ಯ ಇದು: "ಥರ್ಡ್ ಪಾರ್ಟಿ ಮಾಡಿಸ್ಬಿಡಿ ಸಾರ್, ಹಳೇ ಗಾಡಿಗೆ ಯಾಕೆ ಸುಮ್ನೆ ದುಡ್ಡು ದಂಡ." ಥರ್ಡ್ ಪಾರ್ಟಿ ಎಂದರೆ 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮು ಕಡ್ಡಾಯ ಮಾಡಿದ, ಗುದ್ದಿಸಿಕೊಂಡವರಿಗೆ ಪರಿಹಾರ ಕೊಡುವ, ಗುದ್ದಿದ ಕಾರಿಗೆ ಏನನ್ನೂ ಕೊಡದ ವಿಮೆ. 1,089 ಸಿಸಿಯ ಫಿಯೆಟ್ಟಿಗೆ 2022ರ ಜೂನ್‌ನಿಂದ ನಿಗದಿಯಾದ ವಾರ್ಷಿಕ ದರ 3,416 ರೂಪಾಯಿ. ವಿಂಟೇಜ್ ಎಂದು ನೋಂದಾಯಿಸಿದರೆ ಅದರಲ್ಲಿ ಅರ್ಧ ಮಾಫಿ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು, ರಿಪೇರಿಗಳ ಹೊರತು ನಿತ್ಯದ ಓಡಾಟಕ್ಕೆ ಬೀದಿಗಿಳಿಸುವಂತಿಲ್ಲ. ಸೋಮವಾರ ಸೋಮವಾರ ಹಲಸೂರು ಸೋಮೇಶ್ವರನ ದರ್ಶನಕ್ಕೆ ಹೋಗಿಬರುವುದನ್ನು ಸಂಶೋಧನೆಯೆಂದು ಪರಿಗಣಿಸಬಹುದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಮೌಲ್ಯಕ್ಷಯದ ತತ್ತ್ವಜ್ಞಾನ ಇನ್ನೂ ಗಹನ. ಪರಿಹಾರ ಲೆಕ್ಕ ಹಾಕುವಾಗ ರಬ್ಬರು, ಪ್ಲಾಸ್ಟಿಕ್, ಬ್ಯಾಟರಿಗಳಿಗೆ ಶೇ 50 ಕಡಿತ. ಫೈಬರಿಗೆ ಶೇ 30. ಹತ್ತು ವರ್ಷ ಮೀರಿದ ಕಾರಿನ ಲೋಹಕ್ಕೆ ಶೇ 50. ಗಾಜಿಗೆ ಮಾತ್ರ ಸೊನ್ನೆ. ಅರ್ಥಾತ್ ಲೋಕದಲ್ಲಿ ನಿತ್ಯವಾದದ್ದು ಗಾಜೊಂದೇ. ರಿಪೇರಿ ಖರ್ಚು ಐಡಿವಿಯ ಶೇ 75 ಮೀರಿದರೆ ಕಾರು ಪೂರ್ತಿ ನಷ್ಟವೆಂದು ಘೋಷಿತವಾಗುವುದರಿಂದ, ಐಡಿವಿಯನ್ನು ನಲವತ್ತು ಸಾವಿರವೆಂದು ಬರೆದ ಕಾರಿಗೆ ಮೂವತ್ತು ಸಾವಿರ ದಾಟಿದ ಟಿಂಕರಿಂಗ್ ಬಿಲ್ಲೇ ಮರಣಪತ್ರ.

ಇನ್ನು ಸರ್ವೇ ಎಂಬ ವಿಧಿ. ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲು ಉಜ್ಜಿ ಅಚ್ಚು ತೆಗೆಯುವ ಈ ಕ್ರಮ ಶಾಸನತಜ್ಞರ ಕ್ರಮವನ್ನೇ ಹೋಲುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಸಾವಿರಾರು ಶಾಸನಗಳನ್ನು ಓದಿ ಪ್ರಕಟಿಸಿದರು, ಯಾವ ಕಲ್ಲಿಗೂ ಜಿಎಸ್‌ಟಿ ಬಿಲ್ ಕೇಳಲಿಲ್ಲ. ಇಲ್ಲಿ ಕೇಳುತ್ತಾರೆ. ಸಿಗದ ಬಾಗಿಲ ಹಿಡಿಯನ್ನು ಲೇತ್ ಮೇಲೆ ಕಡೆದು, ಮಡಚಿಹೋದ ಮಡ್‌ಗಾರ್ಡನ್ನು ಸುತ್ತಿಗೆ ಮತ್ತು ಬೆರಳ ತುದಿಯ ಅಂದಾಜಿನಿಂದಲೇ ಮೊದಲಿನ ದುಂಡು ಆಕಾರಕ್ಕೆ ತಂದ ಶಿವಾಜಿನಗರದ ಮೇಸ್ತ್ರಿ ಚೀಟಿಯ ಮೇಲೆ ಮೊತ್ತ ಗೀಚಿ ಕೊಟ್ಟರೆ ಅದು ದಾಖಲೆಯಲ್ಲ. ಹೊಸ ಪಾರ್ಟನ್ನು ಡಬ್ಬಿಯಿಂದ ಬಿಚ್ಚಿ ತಿರುಪು ಹಾಕುವ ಕಂಪನಿ ಗ್ಯಾರೇಜಿನ ಬಿಲ್ಲು ದಾಖಲೆ. ಈ ಗ್ಯಾರೇಜಿಗೆ ಫಿಯೆಟ್ಟಿನ ಬಾನೆಟ್ ತೆರೆಯಲೂ ಬಾರದು.

ಮೂರನೆಯ ಮತ್ತು ನಾಲ್ಕನೆಯ ವರ್ಗಗಳ ವಿವೇಚನೆಯನ್ನು ಇಲ್ಲಿಗೇ ಕೈಬಿಡಲಾಗಿದೆ. ನಡುಗಾರು ನಡುಗುತ್ತದೆ ಎಂದಷ್ಟೇ ತಿಳಿದರೆ ಸಾಕು. ಹೇಳಬೇಕಾದದ್ದು ಬೇರೆ ಇದೆ. ಎಚ್‌ಎಎಲ್, ಐಟಿಐ ಕಾರ್ಖಾನೆಗಳಲ್ಲಿ ದುಡಿದ ಜನ ವರ್ಷಗಟ್ಟಲೆ ಬುಕಿಂಗ್ ಸಾಲಿನಲ್ಲಿ ಕಾದು ಕೊಂಡ ಈ ಕಾರುಗಳು ಓಡುತ್ತಿರುವುದು ಪಾಲಿಸಿಯ ಬಲದಿಂದಲ್ಲ, ಕಾರ್ಬುರೇಟರಿನ ಸದ್ದು ಕೇಳಿಯೇ ರೋಗ ಹೇಳುವ ಕೆಲವರ ಕಿವಿಯಿಂದ. ಅವರಿಗೆ ವಯಸ್ಸಾಗಿದೆ, ಮಕ್ಕಳು ಈ ಕೆಲಸಕ್ಕೆ ಬರುತ್ತಿಲ್ಲ, ಅಂಗಡಿಯ ಬಾಡಿಗೆ ಏರುತ್ತಿದೆ. ಕಳವು, ಬೆಂಕಿ, ಪ್ರವಾಹ, ಭೂಕಂಪ, ದೊಂಬಿಗಳನ್ನೆಲ್ಲ ಹೆಸರಿಟ್ಟು ಎಣಿಸುವ ಪಾಲಿಸಿಯಲ್ಲಿ, ಮೇಸ್ತ್ರಿ ಅಂಗಡಿ ಮುಚ್ಚಿದರೆ ಆಗುವ ನಷ್ಟಕ್ಕೆ ಜಾಗವಿಲ್ಲ. ಅರ್ಜಿಯಲ್ಲಿ 'ಇತರೆ' ಎಂಬ ಕಾಲಮ್ಮೊಂದು ಇದೆಯಲ್ಲ ಎಂದು ಕೇಳಿದವರಿಗೆ, ಅದು ಸ್ಟೀರಿಯೋ ಮತ್ತು ಸೀಟ್ ಕವರಿಗೆ ಮೀಸಲು ಎಂಬ ಉತ್ತರ ದೊರೆಯುತ್ತದೆ.