ಮೂಗಿನ ತುದಿಗೆ ದಾರ ಹಿಡಿದು

ಪೀಣ್ಯದಲ್ಲಿ ಲೇತ್ ಮುಂದೆ ನಿಂತು ಮೈಕ್ರೋಮೀಟರ್ ಓದುತ್ತ ಓದುತ್ತಲೇ ಚಾಳೀಸಿಗೆ ಬಂದವನು ನಾನು. ಕಣ್ಣಿನ ವಿಷಯದಲ್ಲಿ ನನ್ನ ತಿಳಿವಳಿಕೆ ಸರಳವಾಗಿತ್ತು: ಕಂಡರೆ ಸರಿ, ಕಾಣದಿದ್ದರೆ ಕನ್ನಡಕ. ಕಣ್ಣಿಗೂ ಟ್ಯೂಷನ್ನು, ಹೋಂವರ್ಕು ಇದೆ ಎನ್ನುವುದು ಮೊಮ್ಮಗಳ ದೆಸೆಯಿಂದ ಗೊತ್ತಾಯಿತು.

ಹುಡುಗಿ ಓದುವಾಗ ಸಾಲು ಹಾರಿಸುತ್ತಿದ್ದಳು. ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದಳು, ಸಂಜೆಯಾದರೆ ತಲೆನೋವು. ಶಾಲೆಯವರು ಗಮನ ಸಾಲದು ಅಂದರು. ನಮ್ಮ ಮನೆಯವಳು ಎಣ್ಣೆ ಸಾಲದು ಅಂದಳು. ಕಣ್ಣು ಪರೀಕ್ಷೆ ಮಾಡಿಸಿದರೆ ಎರಡೂ ಕಣ್ಣು 6/6. ಆದರೆ ಆ ಅಕ್ಷರದ ಬೋರ್ಡು ಇರುವುದು 6 ಮೀಟರ್ ದೂರದಲ್ಲಿ. ಓದಿಸುವುದೂ ಒಂದೊಂದೇ ಕಣ್ಣಿಗೆ. ಪುಸ್ತಕ ಇರುವುದು ಒಂದಡಿ ದೂರದಲ್ಲಿ, ಓದಬೇಕಾದದ್ದು ಎರಡೂ ಕಣ್ಣು ಸೇರಿ. ಹತ್ತಿರದ್ದನ್ನು ನೋಡಲು ಎರಡೂ ಕಣ್ಣು ಮೂಗಿನ ಕಡೆ ತಿರುಗಿ ಒಂದೇ ಅಕ್ಷರದ ಮೇಲೆ ನಿಲ್ಲಬೇಕು. ಇವಳವು ನಿಲ್ಲುತ್ತಿರಲಿಲ್ಲ. ಗಂಡ ಹೆಂಡತಿ ಬೇರೆಬೇರೆಯಾಗಿ ಒಳ್ಳೆಯವರೇ, ಕೂಡಿ ಸಂಸಾರ ಮಾಡಲು ಮಾತ್ರ ಆಗದು ಅಂತಾರಲ್ಲ, ಹಾಗೆ.

ಹೀಗೆ ನಾಗಸಂದ್ರದ ಒಂದು ಬೇಕರಿಯ ಮೇಲಿನ ಮಹಡಿಗೆ ನಮ್ಮ ಓಡಾಟ ಶುರುವಾಯಿತು. ಅಲ್ಲಿದ್ದವರು ಬಿಹೇವಿಯರಲ್ ಆಪ್ಟೋಮೆಟ್ರಿಸ್ಟ್, ವಿಷನ್ ಥೆರಪಿ ಮಾಡಿಸುವವರು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು; ನಾನು ಮೇಡಂ ಅನ್ನುತ್ತೇನೆ, ಮೊಮ್ಮಗಳು ಮಿಸ್ ಅನ್ನುತ್ತಾಳೆ. ಕೋಣೆಯಲ್ಲಿ ಕೆಂಪು-ಹಸಿರು ಗಾಜಿನ ಕನ್ನಡಕ, ಅಕ್ಷರ ಬರೆದು ತೂಗುಬಿಟ್ಟ ಚೆಂಡು, ಪೆನ್ಸಿಲ್ಲುಗಳು, ಮಣಿ ಪೋಣಿಸಿದ ದಾರ. ಇಷ್ಟಕ್ಕೆ ಫೀಸು ಬೇರೆ ಕೊಡಬೇಕೇ ಎಂದು ಮೊದಲ ದಿನ ಅನ್ನಿಸದಿದ್ದರೆ ಅವನು ಅಪ್ಪಟ ಪೀಣ್ಯದವನಲ್ಲ.

ದಾರಕ್ಕೆ ಬ್ರಾಕ್ ಸ್ಟ್ರಿಂಗ್ ಎಂದು ಹೆಸರು. ಫ್ರೆಡರಿಕ್ ಬ್ರಾಕ್ ಎಂಬ ಆಪ್ಟೋಮೆಟ್ರಿಸ್ಟನ ಕೊಡುಗೆ. ಒಂದು ತುದಿ ಬಾಗಿಲ ಹಿಡಿಗೆ, ಇನ್ನೊಂದು ಮಗುವಿನ ಮೂಗಿನ ತುದಿಗೆ. ನಡುವೆ ಮೂರು ಬಣ್ಣದ ಮಣಿ. ನಮಗಿಂತ ಮುಂದಿನ ಸರದಿಯ ಹುಡುಗ ನಡುವಿನ ಮಣಿ ನೋಡುತ್ತ, "ದಾರ ಎರಡು ಕಾಣ್ತಿದೆ" ಅಂದ. ಅವನಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

"ಕಾಣ್ಲೇಬೇಕು ಸಾರ್, ಕೂತ್ಕೊಳಿ. ಒಂದೇ ದಾರ ಕಂಡ್ರೆ ಒಂದು ಕಣ್ಣು ರಜಾ ಹಾಕಿದೆ ಅಂತ ಅರ್ಥ."

ಎರಡೂ ಕಣ್ಣು ಕೆಲಸ ಮಾಡುತ್ತಿದ್ದರೆ ದಾರ ಎರಡಾಗಿ, ನೋಡುತ್ತಿರುವ ಮಣಿಯ ಹತ್ತಿರ ಕತ್ತರಿಯಂತೆ ದಾಟುತ್ತದಂತೆ. ಆ ಮಣಿ ಒಂದೇ, ಹಿಂದುಮುಂದಿನವು ಜೋಡಿ. ದಾರ ಮಣಿಗಿಂತ ಹಿಂದೆಯೋ ಮುಂದೆಯೋ ದಾಟಿತೆಂದರೆ ಕಣ್ಣುಗಳ ಗುರಿ ತಪ್ಪಿದೆ. ಮೂರು ಮಣಿಯಲ್ಲಿ ಇಷ್ಟು ಅಳತೆ ಸಿಗುತ್ತದೆಂದರೆ ಹಳೆಯ ಟರ್ನರ್ ಆದ ನನಗೆ ಗೌರವ ಬಾರದೆ ಇದ್ದೀತೆ?

ಈ ವಿದ್ಯೆಯ ಬಗ್ಗೆ ಕಣ್ಣಿನ ಡಾಕ್ಟರರಲ್ಲಿ ಜಗಳವೂ ಇದೆ. ಇವಳಂಥ ತೊಂದರೆಯಿದ್ದ 9ರಿಂದ 17 ವರ್ಷದ 221 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯ ಫಲ 2008ರಲ್ಲಿ ಬಂತು: ಕ್ಲಿನಿಕ್ಕಿನಲ್ಲಿ 12 ವಾರ ಥೆರಪಿ ಮಾಡಿದವರಲ್ಲಿ ಶೇ. 73 ಮಂದಿಗೆ ಗುಣ ಇಲ್ಲವೇ ಸುಧಾರಣೆ, ಮನೆಯಲ್ಲೇ ಪೆನ್ಸಿಲ್ ಮೂಗಿನ ಬಳಿ ತಂದುಕೊಂಡವರಲ್ಲಿ ಶೇ. 43. ಸೋಜಿಗವೆಂದರೆ, ಥೆರಪಿ ಎಂದು ನಂಬಿಸಿ ಬೇರೇನೋ ಆಡಿಸಿದ ಮಕ್ಕಳಲ್ಲೂ ಶೇ. 35 ಮಂದಿ ಸುಧಾರಿಸಿದ್ದರು! 2019ರ ಇನ್ನೊಂದು ಪರೀಕ್ಷೆಯಲ್ಲಿ, ಓದಿದ್ದನ್ನು ಅರ್ಥಮಾಡಿಕೊಳ್ಳುವುದರಲ್ಲಿ ನಿಜ ಥೆರಪಿಗೂ ಈ ಹುಸಿ ಥೆರಪಿಗೂ ವ್ಯತ್ಯಾಸ ಕಾಣಲಿಲ್ಲ. ಡಿಸ್‌ಲೆಕ್ಸಿಯಾಕ್ಕೆ ಇದು ಮದ್ದಲ್ಲವೆಂದು ಅಲ್ಲಿನ ಮಕ್ಕಳ ವೈದ್ಯರ ಸಂಘ, ನೇತ್ರತಜ್ಞರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿದ್ದವು. ನಮ್ಮ ಮೇಡಂ ಇದನ್ನೆಲ್ಲ ಮುಚ್ಚಿಡುವುದಿಲ್ಲ. "ತಲೆನೋವು ಕಮ್ಮಿಯಾಗ್ಬಹುದು ಸಾರ್, ಅಕ್ಷರ ನಿಂತ್ಕೋಬಹುದು. ಮಾರ್ಕ್ಸ್ ಗ್ಯಾರಂಟಿ ನಾನು ಕೊಡಲ್ಲ" ಅನ್ನುತ್ತಾರೆ. ಮಾರ್ಕ್ಸ್ ಕಾರ್ಡು ಲ್ಯಾಮಿನೇಟ್ ಮಾಡಿಸಿ ತಂದ ತಂದೆತಾಯಿಯ ಮುಖ ಆಗ ನೋಡಬೇಕು. ನನಗಂತೂ ಆ ಒಂದು ಮಾತಿನಿಂದಲೇ ಅವರಲ್ಲಿ ನಂಬಿಕೆ ಹುಟ್ಟಿತು.

ಹತ್ತಿರ ನೋಡುವ ಕಷ್ಟ ನಾವು ಅಲ್ಲಿಗೆ ಹೋಗಿಬರುವ ಮೆಟ್ರೋದಲ್ಲಿ ಮಾತ್ರ ಯಾರಿಗೂ ಇದ್ದಂತಿಲ್ಲ. ದೂರ ನೋಡುವವರೇ ಇಲ್ಲ. 2015ರ ಮೇ 1ಕ್ಕೆ ಹಸಿರು ಮಾರ್ಗ ನಾಗಸಂದ್ರಕ್ಕೆ ಬಂದಾಗ ಇದೇ ಕೊನೆಯ ನಿಲ್ದಾಣ. ಮೊಬೈಲಿನಲ್ಲಿ ಮುಳುಗಿದವರನ್ನು ರೈಲೇ ಇಳಿಸುತ್ತಿತ್ತು. 2024ರ ನವೆಂಬರಿನಲ್ಲಿ ಹಳಿ ಮಾದಾವರದವರೆಗೆ ಹೋಯಿತು. ಈಗ ಕೆಲವರು ಮಂಜುನಾಥನಗರ ದಾಟಿದ ಮೇಲೆ ತಲೆ ಎತ್ತಿ, ಇದ್ಯಾವ ಊರು ಎನ್ನುವಂತೆ ಪಕ್ಕದವರನ್ನು ನೋಡುತ್ತಾರೆ.

ಮನೆಯ ಅಭ್ಯಾಸಕ್ಕೆಂದು ಒಂದು ದಾರ ಕೊಟ್ಟಿದ್ದರು. ಕಿಟಕಿಯ ಸರಳಿಗೆ ಕಟ್ಟಿದೆವು. ಖಾಲಿ ದಾರ ಕಂಡರೆ ನಮ್ಮ ಮನೆಯವಳ ಕೈ ಸುಮ್ಮನಿರುತ್ತದೆಯೇ? ಒದ್ದೆ ಕರ್ಚೀಫು ಹರವಿದಳು. ಮೊಮ್ಮಗಳು ಮುಂದಿನ ವಾರ ಮಿಸ್ ಹತ್ತಿರ ಚಾಡಿ ಹೇಳಿದಳು.

"ಹೋಗ್ಲಿ, ನೀನು ಮಣಿ ನೋಡೋವಾಗ ಕರ್ಚೀಫು ಎಷ್ಟು ಕಾಣ್ತು?"

"ಎರಡು ಮಿಸ್."

"ಅಜ್ಜಿ ಹಾಕಿದ್ದು?"

"ಒಂದೇ."

ಮೇಡಂ ಖುಷಿಯಾಗಿ ಫೈಲಿನಲ್ಲಿ ಅದನ್ನೇ ಬರೆದುಕೊಂಡರು.