ನಿಘಂಟಿನ ಮೇಲೆ ನಿಂತ ಮೊಬೈಲು

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟೂ ಸಂಪುಟಗಳನ್ನು ನಾನು ಒಟ್ಟಿಗೆ ಬಳಸಿದ್ದು ಜೀವಮಾನದಲ್ಲಿ ಇದೇ ಮೊದಲು. ಒಂದರ ಮೇಲೊಂದು ಪೇರಿಸಿ, ತುದಿಗೆ ಉಪ್ಪಿನಕಾಯಿ ಜಾಡಿ ಇಟ್ಟು, ಜಾಡಿಗೆ ಮೊಬೈಲನ್ನು ಒರಗಿಸಿದಾಗ ಅದರ ಕಣ್ಣು ಸರಿಯಾಗಿ ನನ್ನ ಮೂಗಿನ ಮಟ್ಟಕ್ಕೆ ಬಂತು.

ನಮ್ಮ ಕಾಲೇಜಿನಲ್ಲಿ ಆಗಿದ್ದ ತೀರ್ಮಾನ ಇಷ್ಟು: ಪಾಠವನ್ನು ಮೊದಲೇ ರೆಕಾರ್ಡ್ ಮಾಡಿ ಹುಡುಗರ ಮೊಬೈಲಿಗೆ ಕಳಿಸುವುದು, ಅವರು ನೋಡಿಕೊಂಡು ಬರುವುದು, ತರಗತಿಯಲ್ಲಿ ಬರೀ ಚರ್ಚೆ. ಬಿ.ಎ.ಗೆ ಕನ್ನಡ ಹೇಳುವ ನಾನು ‘ಹಳಗನ್ನಡಕ್ಕೆ ಇದೆಲ್ಲ ಒಗ್ಗುವುದಿಲ್ಲ’ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಬೇಕೆಂದಿದ್ದೆ. ಎದ್ದೆ ಕೂಡ. ಅಷ್ಟರಲ್ಲಿ ಕಾಫಿ ಬಂತು, ಎಲ್ಲರೂ ಎದ್ದರು.

ಮನೆಗೆ ಬಂದು ಹೆಂಡತಿಯ ಮುಂದೆ ಗೋಳು ತೋಡಿಕೊಂಡೆ. ವಿಶ್ವವಿದ್ಯಾಲಯದ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 20ರಷ್ಟನ್ನು ‘ಸ್ವಯಂ’ ಎಂಬ ಆನ್‌ಲೈನ್ ವೇದಿಕೆಯಲ್ಲೇ ಓದಿ ಮುಗಿಸಬಹುದು ಎಂದು ಯುಜಿಸಿ 2016ರಲ್ಲಿ ಹೇಳಿತ್ತು, 2021ರಲ್ಲಿ ಅದನ್ನು ಶೇ. 40ಕ್ಕೆ ಏರಿಸಿತು, ಹುಡುಗರು ಬಸ್ಸಿನಲ್ಲಿ ಕೂತೇ ಪದವಿ ತಗೊಂಡುಬಿಡುತ್ತಾರೆ ಎಂದೆಲ್ಲ ವಿವರಿಸಿದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡು, “ಹಾಗಾದ್ರೆ ಸಂಬಳದಲ್ಲೂ ಶೇ. 40 ಹಿಡೀತಾರಾ?” ಎಂದಳು. ಉನ್ನತ ಶಿಕ್ಷಣದ ಭವಿಷ್ಯದ ಬಗ್ಗೆ ನಮ್ಮ ಮನೆಯಲ್ಲಿ ನಡೆದ ಚರ್ಚೆ ಅಲ್ಲಿಗೆ ಮುಗಿಯಿತು.

ಪಾಠ ರನ್ನನ ಗದಾಯುದ್ಧ. ಸ್ಟುಡಿಯೊ ನಮ್ಮ ಮಲಗುವ ಕೋಣೆ. ನಿರ್ದೇಶನ ಹೆಂಡತಿಯದು, ತಾಂತ್ರಿಕ ಸಲಹೆ ಬಿ.ಎಸ್ಸಿ. ಓದುವ ಮಗಳದು. ಕಿಟಕಿ ಮುಚ್ಚಿಸಿದರು. ಗೋಡೆಗೆ ಸದ್ದು ಬಡಿಯದಿರಲಿ ಎಂದು ರಜಾಯಿ ನೇತುಹಾಕಿದರು. ಗೊರಗೊರ ಅನ್ನುತ್ತದೆಂದು ಫ್ಯಾನನ್ನೂ ಆರಿಸಿದರು. ವೈಶಂಪಾಯನ ಸರೋವರದಲ್ಲಿ ಅಡಗಿ ಕೂತ ದುರ್ಯೋಧನ ಭೀಮನ ಅಬ್ಬರಕ್ಕೆ ನೀರೊಳಗಿದ್ದೂ ಬೆವರಿದ ಪ್ರಸಂಗವನ್ನು ನಾನು ಎಷ್ಟೋ ವರ್ಷಗಳಿಂದ ರಸವತ್ತಾಗಿ ಹೇಳುತ್ತಾ ಬಂದಿದ್ದೇನೆ. ಏಪ್ರಿಲ್ ತಿಂಗಳಲ್ಲಿ, ಫ್ಯಾನಿಲ್ಲದೆ, ರಜಾಯಿಯ ಪಕ್ಕದಲ್ಲಿ ನಿಂತು ಹೇಳಿದಾಗಲೇ ಅದರ ಧ್ವನಿ ನನಗೆ ಪೂರ್ತಿ ಹತ್ತಿದ್ದು. “ಅಪ್ಪ ಎಷ್ಟು ಚೆನ್ನಾಗಿ ಆ್ಯಕ್ಟ್ ಮಾಡ್ತಾರೆ ನೋಡಮ್ಮ” ಎಂದಳು ಮಗಳು.

ಹನ್ನೆರಡು ನಿಮಿಷದೊಳಗೆ ಮುಗಿಸಬೇಕೆಂದು ಅವಳ ಕಟ್ಟಪ್ಪಣೆ. ನಾನು ರನ್ನನ ಊರು ಮುಧೋಳ, ಮನೆತನ ಬಳೆಗಾರರದು, ಆಶ್ರಯದಾತ ಸತ್ಯಾಶ್ರಯ ಎಂದು ಪೀಠಿಕೆ ಹಾಕಿ ಕೆಮ್ಮುವಷ್ಟರಲ್ಲೇ ಒಂಬತ್ತು ನಿಮಿಷ. ತರಗತಿಯಲ್ಲಾದರೆ ಹಾಜರಿಗೆ ಐದು, ಸೀಮೆಸುಣ್ಣ ಹುಡುಕುವುದಕ್ಕೆ ಎರಡು, “ನಮ್ಮ ಕಾಲದಲ್ಲಿ...” ಎಂಬುದಕ್ಕೆ ಹದಿನೈದು ನಿಮಿಷ ಸಲೀಸಾಗಿ ಹೋಗುತ್ತವೆ. ಒಂದು ಗಂಟೆಯ ಪಾಠದಲ್ಲಿ ಪಾಠ ಎಷ್ಟಿತ್ತು ಎಂದು ಇಷ್ಟು ವರ್ಷ ಯಾರೂ ಲೆಕ್ಕ ಹಾಕಿರಲಿಲ್ಲ. ಮೊಬೈಲು ಹಾಕಿತು.

ಅದರ ಅಧಿಕಪ್ರಸಂಗ ಅಷ್ಟಕ್ಕೇ ನಿಲ್ಲಲಿಲ್ಲ. ಯೂಟ್ಯೂಬಿಗೆ ಹಾಕಿದ ಪಾಠವನ್ನು ಜನ ಸರಾಸರಿ ಎಷ್ಟು ಹೊತ್ತು ನೋಡಿದರು ಎಂಬುದನ್ನೂ ಅದು ಗೆರೆ ಎಳೆದು ತೋರಿಸುತ್ತದೆ. ನನ್ನ ಗೆರೆ ಎರಡನೆಯ ನಿಮಿಷಕ್ಕೇ ಊರುಭಂಗವಾಗಿ ನೆಲಕ್ಕೆ ಬಿದ್ದಿತ್ತು. ಮನೆಯಲ್ಲಿ ವಿಚಾರಣೆ ನಡೆಸಿದೆ. ಮಗಳು ಒಂದೂವರೆ ಪಟ್ಟು ವೇಗದಲ್ಲಿ ನೋಡಿದ್ದಳು. ಹೆಂಡತಿ ಎರಡು ಪಟ್ಟು. “ನೀವು ಮಾತಾಡೋದು ಆ ಸ್ಪೀಡಲ್ಲೇ ಚೆನ್ನ. ಇಪ್ಪತ್ತಾರು ವರ್ಷದಿಂದ ಈ ಬಟನ್‌ಗಾಗಿ ಎಲ್ಲೆಲ್ಲಿ ಹುಡುಕಿದೆನೋ,” ಎಂದಳು. ಕೊನೆಯವರೆಗೂ ಓಡಲು ಬಿಟ್ಟವರು ನಮ್ಮಮ್ಮ ಒಬ್ಬರೇ, ಪಾಪ. ಹತ್ತಿರ ಹೋಗಿ ನೋಡಿದೆ, ಮೊಬೈಲು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದರು.

ಆಮೇಲೆ ಹುಡುಗರ ಮೊಬೈಲ್ ಗುಂಪಿಗೆ ಪ್ರಶ್ನೆ ಕಳಿಸಬೇಕಾಯಿತು. ಕನ್ನಡ ಟೈಪಿಸಲು ನನಗೆ ಅರ್ಧ ದಿನ ಬೇಕು. ಬಾಯಲ್ಲಿ ಹೇಳಿದರೆ ಮೊಬೈಲೇ ಬರೆದುಕೊಳ್ಳುತ್ತದೆಂದು ಮಗಳು ಹೇಳಿಕೊಟ್ಟಿದ್ದಳು. ‘ರನ್ನನ ಗದಾಯುದ್ಧದ ವೈಶಿಷ್ಟ್ಯವನ್ನು ವಿವರಿಸಿ’ ಎಂದು ಗಂಭೀರವಾಗಿ ಹೇಳಿ, ಕನ್ನಡಕ ಹುಡುಕಲು ಸೋಮಾರಿತನವಾಗಿ ಹಾಗೇ ಕಳಿಸಿಬಿಟ್ಟೆ. ಗುಂಪಿಗೆ ಹೋದದ್ದು: ‘ರಾಮಣ್ಣನ ಗದ್ದೆ ಯುದ್ಧದ ವೈಶಿಷ್ಟ್ಯವನ್ನು ವಿವರಿಸಿ.’ ನಿಮಿಷದೊಳಗೆ ಮೊದಲ ಉತ್ತರ ಬಂತು: “ಸರ್, ಯಾವ ಸರ್ವೆ ನಂಬರು?”

ಈಗ ಶನಿವಾರ ರಾತ್ರಿಯ ಆನ್‌ಲೈನ್ ಸಂದೇಹ ಪರಿಹಾರದ ಕ್ಲಾಸಿಗೆ ಬರುತ್ತೇನೆ. ಎಂಟು ಗಂಟೆ. ಮೊಬೈಲು ಯಥಾಪ್ರಕಾರ ಎಂಟು ಸಂಪುಟಗಳ ಮೇಲೆ. ಪರದೆಯ ಮೇಲೆ ನಲವತ್ತೊಂದು ಹೆಸರು, ಒಂದೂ ಮುಖವಿಲ್ಲ. ಎಲ್ಲರೂ ಕ್ಯಾಮೆರಾ ಆರಿಸಿ ಸರೋವರ ಸೇರಿದ್ದಾರೆ. ನಾನು ದಡದಲ್ಲಿ ನಿಂತು ಭೀಮನಂತೆ ಕೂಗುತ್ತಿದ್ದೇನೆ, “ಕೇಳಿಸ್ತಿದೆಯಾ? ಯಾರಾದ್ರೂ ಇದ್ದೀರಾ?” ತರಗತಿಯಲ್ಲಿ ಹಿಂದಿನ ಬೆಂಚಿನವನು ಅರ್ಥವಾಗದಾಗ ಹುಬ್ಬು ಗಂಟಿಕ್ಕುವುದು ಕಾಣುತ್ತಿತ್ತು, ಅದನ್ನು ನೋಡಿ ಇನ್ನೊಂದು ಸಲ ಹೇಳುತ್ತಿದ್ದೆ. ಇಲ್ಲಿ ಹುಬ್ಬೇ ಇಲ್ಲ.

ಅಷ್ಟರಲ್ಲಿ ಸರೋವರದೊಳಗಿಂದ ಒಂದು ದನಿ ಎದ್ದಿತು. ತರಗತಿಯಲ್ಲಿ ಮೂರು ವರ್ಷದಿಂದ ಬಾಯಿ ಬಿಡದ ಹುಡುಗಿ. ಹಳ್ಳಿಯಿಂದ ಕಾಲೇಜಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ವಿಡಿಯೊಗೆ ಡೇಟಾ ಸಾಲದೆಂದು ಅವಳು ಕೇಳಿಕೊಂಡಾಗ ಬರೀ ಧ್ವನಿ ಕಳಿಸಿದ್ದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಾ ಬರುತ್ತಾಳಂತೆ. “ಆರು ಸಲ ಕೇಳಿದೆ ಸರ್, ಪದ್ಯ ಬಾಯಿಗೇ ಬಂತು” ಎಂದಳು. ನಾನು ಉಬ್ಬಿಹೋದೆ. ತರಗತಿಯಲ್ಲಿ ಯಾರು ಆರು ಸಲ ಹೇಳಿಸುತ್ತಾರೆ, ಯಾರು ಹೇಳುತ್ತಾರೆ? “ಒಂದು ಡೌಟು ಸರ್. ನಾಲ್ಕನೇ ನಿಮಿಷದಲ್ಲಿ ಪಂದೆ ಅಂದ್ರೆ ಹಂದಿ ಅಂದಿದ್ದೀರಿ.”

“ಹೌದಮ್ಮ. ಪಾಲು ಹಾಲಾಯ್ತು, ಪೂವು ಹೂವಾಯ್ತು, ಪಂದೆ ಹಂದಿಯಾಯ್ತು. ಪಕಾರ ಹಕಾರ ಆಗೋದು.”

“ಹಂದಿಗೆ ಪಂದಿ ಅಂತಿದೆ ಸರ್, ಇಕಾರ. ಪಂದೆ ಅಂದ್ರೆ ಹೇಡಿ ಅಂತಿದೆ.”

“ಎಲ್ಲಿದೆ?”

“ಮೊಬೈಲಲ್ಲಿ ಸರ್.”

ಮೊಬೈಲಿನಲ್ಲಿ ಏನು ಬೇಕಾದರೂ ಇರುತ್ತದೆ, ಪರಿಷತ್ತಿನ ನಿಘಂಟು ನೋಡಬೇಕು ಎನ್ನಲು ಬಾಯಿ ತೆರೆದೆ. ನಿಘಂಟು ಕಣ್ಣೆದುರೇ ಇತ್ತು. ಪಕಾರದ ಸಂಪುಟ ಕೆಳಗಿನಿಂದ ಮೂರನೆಯದು. ಎಳೆದರೆ ಉಪ್ಪಿನಕಾಯಿ ಸಮೇತ ವಿಶ್ವವಿದ್ಯಾಲಯವೇ ಕುಸಿಯುತ್ತಿತ್ತು. ಏನು ಮಾಡಲೂ ತೋಚದೆ, ನೆಟ್‌ವರ್ಕ್ ಹೋದವನ ಹಾಗೆ ಬಾಯಿ ಅರ್ಧ ತೆರೆದು ಕಲ್ಲಿನಂತೆ ಕೂತೆ. ಹುಡುಗರು ಮಾಡುವುದನ್ನು ನೋಡಿಯೇ ಕಲಿತ ವಿದ್ಯೆ, ದುರ್ಯೋಧನನ ಜಲಸ್ತಂಭನಕ್ಕಿಂತ ಮೇಲು. ಆದರೆ ಹಿಂದಿನಿಂದ ಹೆಂಡತಿ, “ಯಾಕ್ರೀ ಹಾಗೆ ಕೂತಿದ್ದೀರಿ? ಗ್ಯಾಸ್ಟ್ರಿಕ್ಕಾ?” ಎಂದದ್ದು ನಲವತ್ತೊಂದು ಮನೆಗಳಿಗೂ ಸ್ಪಷ್ಟವಾಗಿ ಕೇಳಿಸಿತು.

ಕ್ಲಾಸು ಮುಗಿಸಿ ಸಂಪುಟ ತೆಗೆದು ನೋಡಿದೆ. ಹುಡುಗಿ ಹೇಳಿದ್ದೇ ಸರಿ. ಹತ್ತೊಂಬತ್ತು ವರ್ಷ ತರಗತಿಯಲ್ಲಿ ಇದೇ ಹಂದಿಯನ್ನು ಓಡಿಸಿದ್ದೇನೆ, ಒಬ್ಬರೂ ಹಿಡಿದಿರಲಿಲ್ಲ. ಮಾತು ಆಡಿದರೆ ಹೋಯಿತು ಎಂಬ ಗಾದೆಯನ್ನು ನಂಬಿಕೊಂಡು ಉದ್ಯೋಗಕ್ಕೆ ಸೇರಿದವನು ನಾನು. ಈಗ ಮಾತು ಎಲ್ಲಿಗೂ ಹೋಗುವುದಿಲ್ಲ. ಬಸ್ಸಿನಲ್ಲಿ ಕೂತು ಆರು ಸಲ ಕೇಳುತ್ತಾರೆ. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂಚೆ ಶಿಕ್ಷಣ ಶುರುಮಾಡಿದ ಕಾಲದ ಮೇಷ್ಟರುಗಳ ಪುಣ್ಯವೇ ಪುಣ್ಯ. ಟಿಪ್ಪಣಿಯಲ್ಲಿ ತಪ್ಪಿದ್ದರೆ ಅಚ್ಚಿನಮನೆಯವರ ಮೇಲೆ ಹಾಕಬಹುದಿತ್ತು.

ವಿಡಿಯೊ ತಿದ್ದಿ ಮತ್ತೆ ರೆಕಾರ್ಡ್ ಮಾಡಿದ್ದೇವೆ, ಈ ಸಲ ಏಳೇ ನಿಮಿಷ. ಮೊಬೈಲಿಗೆ ಮುನ್ನೂರು ರೂಪಾಯಿ ಕೊಟ್ಟು ಸ್ಟ್ಯಾಂಡ್ ತಂದಿದ್ದೇನೆ. ಆದರೆ ಮೊಬೈಲಿಗೆ ಮುಂಚೆ ಪಾಸಾಗಿ ಹೋದ ನನ್ನ ಹಳೆಯ ವಿದ್ಯಾರ್ಥಿಗಳನ್ನು ತಲುಪುವ ದಾರಿ ನನಗೆ ಗೊತ್ತಿಲ್ಲ. ಅವರಲ್ಲಿ ಕೆಲವರು ಈಗ ತಾವೇ ಕನ್ನಡ ಮೇಷ್ಟರಾಗಿದ್ದಾರೆ. ಇದನ್ನು ಓದುತ್ತಿರುವವರು ದಯವಿಟ್ಟು ನೋಟ್ಸಿನಲ್ಲಿ ತಿದ್ದಿಕೊಳ್ಳಿ: ಪಂದೆ ಎಂದರೆ ಹೇಡಿ.