ಟಕಾರದ ವಲಸೆ

ಎದುರಿಗಿರುವವರ ಧಾಟಿಗೆ ತನ್ನ ಮಾತನ್ನು ಅರಿವಿಲ್ಲದೆಯೇ ಹೊಂದಿಸಿಕೊಳ್ಳುವ ಮನುಷ್ಯನ ಚಾಳಿಯನ್ನು ಹೋವರ್ಡ್ ಜೈಲ್ಸ್ ಎಂಬ ವಿದ್ವಾಂಸರು 1970ರ ದಶಕದಲ್ಲಿ ಮಾತಿನ ಹೊಂದಾಣಿಕೆಯ ಸಿದ್ಧಾಂತವಾಗಿ ವಿವರಿಸಿದರು. ಬೆಂಗಳೂರಿನಿಂದ ಅಮೆರಿಕಕ್ಕೆ ಹೋದ ಎಂಜಿನಿಯರುಗಳಲ್ಲಿ ಈ ಸಿದ್ಧಾಂತಕ್ಕೆ ಮೊದಲು ಬಲಿಯಾಗುವುದು ಟಕಾರ. ಎರಡು ಸ್ವರಗಳ ನಡುವಿನ ಟಕಾರವನ್ನು, ನಾಲಗೆಯ ತುದಿಯನ್ನು ಮೇಲ್ವಸಡಿಗೆ ಕ್ಷಣಮಾತ್ರ ತಟ್ಟಿಸಿ, ಡಕಾರಕ್ಕೂ ರಕಾರಕ್ಕೂ ನಡುವಣ ಸದ್ದಾಗಿ ಹೊರಡಿಸುವುದು ಅಲ್ಲಿನ ರೂಢಿ; ‘ವಾಟರ್’ ಎಂದು ಮೂರು ಸಲ ಕೇಳಿದರೂ ಹೋಟೆಲಿನ ಮಾಣಿ ಕಣ್ಣರಳಿಸಿ ನಿಂತೇ ಇರುವುದರಿಂದ ಬಾಯಾರಿದವನು ‘ವಾಡರ್’ಗೆ ಶರಣಾಗುತ್ತಾನೆ. ಇದನ್ನು ಶೋಕಿ ಎನ್ನುವವರು ದಾಹದ ಬಲವನ್ನು ಅರಿಯರು. ಪದಗಳ ಮತಾಂತರ ಇನ್ನೂ ಸುಲಭ: ಕಾರಿನ ಡಿಕ್ಕಿ ಟ್ರಂಕಾಗುತ್ತದೆ, ಊಟದ ಬಿಲ್ಲು ಚೆಕ್ಕಾಗುತ್ತದೆ, ಪೆಟ್ರೋಲು ದ್ರವವಾಗಿದ್ದೂ ಗ್ಯಾಸ್ ಎನಿಸಿಕೊಳ್ಳುತ್ತದೆ. ರಜೆಗೆಂದು ಊರಿಗೆ ಬಂದವನು ಅದೇ ಗುಂಗಿನಲ್ಲಿ ಬದನೆಕಾಯಿಯನ್ನು ‘ಎಗ್‌ಪ್ಲಾಂಟ್’ ಎಂದು ಕೇಳಿದರೆ ತರಕಾರಿಯವಳು ಮೊಟ್ಟೆ ಅಂಗಡಿಯ ದಾರಿ ತೋರಿಸುವುದು ನ್ಯಾಯವೇ.

ಆದರೆ ವಕಾರ ಅಷ್ಟು ಬೇಗ ಬಗ್ಗುವುದಿಲ್ಲ: ಕನ್ನಡದಲ್ಲಿ ಅದು ಒಂದೇ, ಇಂಗ್ಲಿಷಿನಲ್ಲಿ ಹಲ್ಲು ತುಟಿಗೆ ತಾಗುವುದೊಂದು, ತುಟಿ ದುಂಡಾಗುವುದೊಂದು. ಹೀಗಾಗಿ ಟಕಾರವನ್ನು ಗೆದ್ದ ಎಂಜಿನಿಯರ್ ಅಪ್ಪ ದ್ರಾಕ್ಷಿಬಳ್ಳಿಯನ್ನೂ ದ್ರಾಕ್ಷಾರಸವನ್ನೂ ‘ವೈನ್’ ಎಂದೇ ಕರೆಯುತ್ತಾನೆ. ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ಊಟದ ಮೇಜಿನಲ್ಲಿ ಅವನಿಗೆ ದಿನವೂ ತುಟಿ ದುಂಡಗೆ ಮಾಡುವ ಪಾಠ ಹೇಳುತ್ತಾರೆ.